ಕಣ್ಣಿನ ವೈದ್ಯರು, ಮಿಷನ್ ಆಸ್ಪತ್ರೆಗಳು, ಕ್ರೈಸ್ತ ನಂಬಿಕೆ: ಪರೀಕ್ಷೆಗೆ ಮುಖ್ಯಾಂಶಗಳು

ವೈದ್ಯಕೀಯ ಮಿಷನ್‌ಗಳ ಮೇಲೆ ಟಿಪ್ಪಣಿ ಬರೆಯಿರಿ ಎಂದರೆ ಹೆಚ್ಚಿನವರು ಎರಡರಲ್ಲೊಂದು ಉತ್ತರ ಬರೆಯುತ್ತಾರೆ. ಒಂದು, ‘ನಿಸ್ವಾರ್ಥ ಸೇವೆ’. ಇನ್ನೊಂದು, ‘ಮತಾಂತರದ ಸಾಧನ’. ಎರಡೂ ಅರ್ಧ ಉತ್ತರಗಳೇ. ಚಿಕಿತ್ಸೆಯೇ ಸಾಕೋ, ಬೋಧನೆಯೂ ಆಗಲೇಬೇಕೋ ಎಂಬ ವಿಷಯಕ್ಕೆ ಶಸ್ತ್ರ ಹಿಡಿದ ವೈದ್ಯರಿಗೂ ಅವರನ್ನು ಹಣ ಕೊಟ್ಟು ಕಳಿಸಿದ ಸಂಸ್ಥೆಗಳಿಗೂ ನಡುವೆ ದೀರ್ಘಕಾಲ ಜಗ್ಗಾಟ ನಡೆದಿತ್ತು. ಕಣ್ಣಿನ ವೈದ್ಯರ ಬದುಕಿನಲ್ಲಿ ಅದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಕೆಳಗಿನ ಅಂಶಗಳನ್ನು ಆ ಎಳೆ ಹಿಡಿದು ಓದಿದರೆ ಇಸವಿಗಳನ್ನು ಬೇರೆಯಾಗಿ ಉರು ಹೊಡೆಯಬೇಕಾಗಿಲ್ಲ.

ಕಣ್ಣೇ ಏಕೆ?

• ಯೇಸು ಕುರುಡರಿಗೆ ದೃಷ್ಟಿ ಕೊಟ್ಟ ಪ್ರಸಂಗ ನಾಲ್ಕೂ ಸುವಾರ್ತೆಗಳಲ್ಲಿ ಬರುತ್ತದೆ. ಹುಟ್ಟು ಕುರುಡ ಮತ್ತು ಸಿಲೋವ ಕೊಳ: ಯೋಹಾನ 9. ಯೆರಿಕೋದ ಬಾರ್ತಿಮಾಯ: ಮಾರ್ಕ 10. ಬೆತ್ಸಾಯಿದದ ಕುರುಡನಿಗೆ ದೃಷ್ಟಿ ಒಮ್ಮೆಲೇ ಬರದೆ ಎರಡು ಹಂತಗಳಲ್ಲಿ ಬಂದದ್ದು: ಮಾರ್ಕ 8. ಲೂಕನನ್ನು ವೈದ್ಯನೆಂದು ಕರೆಯುವುದು ಕೊಲೊಸ್ಸೆಯವರಿಗೆ ಬರೆದ ಪತ್ರದ 4:14ರಲ್ಲಿ.

• ಧಾರ್ಮಿಕ ಕಾರಣ ಒಂದಾದರೆ ವೈದ್ಯಕೀಯ ಕಾರಣ ಇನ್ನೊಂದು. ಈಥರ್ ಅರಿವಳಿಕೆ ಬಂದದ್ದು 1846ರಲ್ಲಿ, ಲಿಸ್ಟರ್ ಅವರ ನಂಜುನಿರೋಧಕ ವಿಧಾನ 1867ರಲ್ಲಿ. ಅದಕ್ಕೂ ಮೊದಲು ಹೊಟ್ಟೆ, ಎದೆ ಕೊಯ್ಯಲು ಶಸ್ತ್ರವೈದ್ಯರು ಹಿಂಜರಿಯುತ್ತಿದ್ದರು. ಕಣ್ಣಿನ ಪೊರೆ ತೆಗೆಯುವುದು ಮಾತ್ರ ಆಗಲೇ ಸಾಧ್ಯವಿತ್ತು. ಫ್ರಾನ್ಸಿನ ಡೇವಿಯೆಲ್ ಪೊರೆಯನ್ನು ಹೊರತೆಗೆಯುವ ಶಸ್ತ್ರಕ್ರಿಯೆ ಮಾಡಿದ್ದು 1747ರಲ್ಲಿ. ಕಣ್ಣಿಗೆ ಕೊಕೇನ್ ಹನಿ ಹಾಕಿ ಮರಗಟ್ಟಿಸುವ ವಿಧಾನವನ್ನು ಕಾರ್ಲ್ ಕೋಲರ್ ತೋರಿಸಿದ್ದು 1884ರಲ್ಲಿ. ಆಮೇಲೆ ಹಳ್ಳಿಯ ಛತ್ರದಲ್ಲೂ ಪೊರೆ ತೆಗೆಯಬಹುದಾಯಿತು.

• ಫಲ ಕೆಲವೇ ದಿನಗಳಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಕೈಹಿಡಿಸಿಕೊಂಡು ಬಂದವನು ತಾನೇ ನಡೆದು ಊರಿಗೆ ಹೋದರೆ ಮಿಷನ್ನಿಗೆ ಬೇರೆ ಪ್ರಚಾರವೇ ಬೇಡ. ಈ ಲೆಕ್ಕಾಚಾರ ಮಿಷನ್ ಮಂಡಳಿಗಳಿಗೆ ಚೆನ್ನಾಗಿ ಗೊತ್ತಿತ್ತು, ಮುಚ್ಚಿಟ್ಟ ಸಂಗತಿಯೇನಲ್ಲ.

• ಕೃತಕ ಮಸೂರವನ್ನು ಕಣ್ಣೊಳಗೆ ಕೂರಿಸಿದ್ದು 1949ರಲ್ಲಿ, ಇಂಗ್ಲೆಂಡಿನ ಹೆರಾಲ್ಡ್ ರಿಡ್ಲೆ. ಅಲ್ಲಿಯವರೆಗೆ, ನಮ್ಮ ಕಡೆ ಅದಾಗಿ ಎಷ್ಟೋ ವರ್ಷಗಳವರೆಗೂ, ಆಪರೇಷನ್ ಆದವರು ದಪ್ಪ ಗಾಜಿನ ಕನ್ನಡಕ ಹಾಕಲೇಬೇಕಿತ್ತು. ಮಿಷನ್ ಕಾಲದ ‘ದೃಷ್ಟಿದಾನ’ ಎಂದರೆ ಆ ಕನ್ನಡಕವೂ ಸೇರಿದ್ದು.

ಪೀಟರ್ ಪಾರ್ಕರ್ (1804–1888): ಈ ಭಾಗ ಚೆನ್ನಾಗಿ ಓದಿ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದವರು. ಓದಿದ್ದು ಯೇಲ್‌ನಲ್ಲಿ, ದೇವಶಾಸ್ತ್ರ ಮತ್ತು ವೈದ್ಯಶಾಸ್ತ್ರ ಎರಡನ್ನೂ. 1834ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು, ಅದೇ ವರ್ಷ ಅಮೆರಿಕನ್ ಬೋರ್ಡ್ ಎಂಬ ಮಿಷನ್ ಮಂಡಳಿಯ ಪರವಾಗಿ ಚೀನಾಕ್ಕೆ ಹೊರಟರು. ಚೀನಾಕ್ಕೆ ಹೋದ ಮೊದಲ ಪೂರ್ಣಾವಧಿ ಪ್ರೊಟೆಸ್ಟಂಟ್ ವೈದ್ಯಕೀಯ ಮಿಷನರಿ ಎಂದು ಇವರನ್ನು ಗುರುತಿಸುತ್ತಾರೆ. ಹೊರಡುವಾಗಲೇ ಮಂಡಳಿ ಎಚ್ಚರಿಸಿತ್ತು: ವೈದ್ಯಕೆಲಸ ಬೋಧಕನ ಕೆಲಸಕ್ಕೆ ಒತ್ತಾಸೆಯಾಗಿರಬೇಕೇ ಹೊರತು ಅದನ್ನು ಬದಿಗೊತ್ತಬಾರದು.

1835ರ ನವೆಂಬರ್ 4ರಂದು ಕ್ಯಾಂಟನ್‌ನಲ್ಲಿ, ಅಂದರೆ ಇಂದಿನ ಗ್ವಾಂಗ್‌ಜೌನಲ್ಲಿ, ಕಣ್ಣಿನ ಆಸ್ಪತ್ರೆ ತೆರೆಯಿತು. ಕಟ್ಟಡ ಚೀನೀ ವರ್ತಕ ಹೌಕ್ವಾ ಅವರದು. ಮುಂದೆ ಅವರು ಬಾಡಿಗೆಯನ್ನೇ ಬಿಟ್ಟುಕೊಟ್ಟರು. ಮೊದಲ ದಿನ ಒಬ್ಬ ರೋಗಿಯೂ ಬರಲಿಲ್ಲ. ಮರುದಿನ ಗ್ಲಾಕೋಮಾ ಇದ್ದ ಒಬ್ಬ ಹೆಂಗಸು ಬಂದಳು. ಕೆಲವೇ ವಾರಗಳಲ್ಲಿ ನೂಕುನುಗ್ಗಲು ತಡೆಯಲು ಸಂಖ್ಯೆ ಬರೆದ ಬಿದಿರಿನ ಪಟ್ಟಿಗಳನ್ನು ಹಂಚಬೇಕಾಯಿತು. ಇಂದಿನ ಓಪಿಡಿ ಟೋಕನ್ನಿನ ಹಿರಿಯಜ್ಜ ಎನ್ನಿ. ಕಣ್ಣಿಗೆಂದು ತೆರೆದ ಆಸ್ಪತ್ರೆಗೆ ದೊಡ್ಡ ದೊಡ್ಡ ಗಡ್ಡೆಗಳಾದವರೂ ಬರತೊಡಗಿದರು. ಅವರ ಚಿತ್ರಗಳನ್ನು ಲಾಮ್ ಕ್ವಾ ಎಂಬ ಕ್ಯಾಂಟನ್ ಕಲಾವಿದ ತೈಲವರ್ಣದಲ್ಲಿ ಬರೆದರು. 80ಕ್ಕೂ ಹೆಚ್ಚು ಚಿತ್ರಗಳು ಈಗಲೂ ಯೇಲ್‌ನಲ್ಲಿವೆ. ಲಾಮ್ ಕ್ವಾ ಅವರ ಸಂಬಂಧಿ ಗ್ವಾನ್ ಅತೊ ಪಾರ್ಕರ್ ಕೈಕೆಳಗೆ ಶಸ್ತ್ರವೈದ್ಯ ಕಲಿತು ಸ್ವತಂತ್ರವಾಗಿ ಕಣ್ಣಿನ ಆಪರೇಷನ್ ಮಾಡುವಷ್ಟು ಬೆಳೆದರು. ಪಠ್ಯಗಳು ಈ ಹೆಸರನ್ನು ಬಿಟ್ಟುಬಿಡುತ್ತವೆ, ನೀವು ಬಿಡಬೇಡಿ.

ಅಫೀಮು ನಿಷೇಧಿಸಿದ ಅಧಿಕಾರಿ ಲಿನ್ ಜೆಶು 1839ರಲ್ಲಿ ತಮ್ಮ ಹರ್ನಿಯಾಕ್ಕೆ ಪಟ್ಟಿ ಕೇಳಿ ಹೇಳಿಕಳಿಸಿದ್ದರು. ಆಸ್ಪತ್ರೆಯ ದಾಖಲೆಯಲ್ಲಿ ಅವರು 6565ನೇ ರೋಗಿ. ಖುದ್ದಾಗಿ ಅವರು ಬರಲೇ ಇಲ್ಲ.

1838: ಕ್ಯಾಂಟನ್‌ನಲ್ಲಿ ಚೀನಾ ವೈದ್ಯಕೀಯ ಮಿಷನರಿ ಸಂಘ ಸ್ಥಾಪನೆ. 1844: ಅಮೆರಿಕ–ಚೀನಾ ವಾಂಗ್‌ಶಿಯಾ ಒಪ್ಪಂದ, ಪಾರ್ಕರ್ ದುಭಾಷಿ ಮತ್ತು ಕಾರ್ಯದರ್ಶಿ. ಒಪ್ಪಂದದ ಬಂದರುಗಳಲ್ಲಿ ಆಸ್ಪತ್ರೆ, ಚರ್ಚ್, ಸ್ಮಶಾನ ಕಟ್ಟುವ ಹಕ್ಕು ಅಮೆರಿಕನ್ನರಿಗೆ ಸಿಕ್ಕಿದ್ದು ಇದರಲ್ಲಿ. ಮಿಷನ್ನಿಗೂ ಸಾಮ್ರಾಜ್ಯಶಾಹಿಗೂ ಇದ್ದ ನಂಟು ಕೇಳಿದರೆ ಮೊದಲ ಉದಾಹರಣೆ ಇದೇ. 1847: ಅದೇ ಆಸ್ಪತ್ರೆಯಲ್ಲಿ ಚೀನಾದಲ್ಲೇ ಮೊದಲೆನ್ನಲಾದ ಈಥರ್ ಬಳಕೆ.

1847ರಲ್ಲೇ ಅಮೆರಿಕನ್ ಬೋರ್ಡ್ ಪಾರ್ಕರ್ ಜತೆಗಿನ ಸಂಬಂಧ ಕಡಿದುಕೊಂಡಿತು. ರೋಗಿಗಳಿಗೆ, ರಾಜತಾಂತ್ರಿಕ ಕೆಲಸಕ್ಕೆ ಕೊಟ್ಟ ಸಮಯ ಹೆಚ್ಚಾಯಿತು, ಸುವಾರ್ತೆ ಸಾರಿದ್ದು ಕಡಿಮೆಯಾಯಿತು ಎಂಬುದು ಮಂಡಳಿಯ ಅಸಮಾಧಾನ. ಪಾರ್ಕರ್ ದೃಷ್ಟಿಯಲ್ಲಿ ಆಪರೇಷನ್ ಮೇಜೂ ಸಾಕ್ಷಿ ಹೇಳುವ ಜಾಗವೇ ಆಗಿತ್ತು. 50 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿದ ಆಸ್ಪತ್ರೆಯ ವೈದ್ಯನನ್ನು ಬೋಧನೆ ಸಾಲದೆಂದು ಕೈಬಿಟ್ಟರು ಎಂಬ ಒಂದು ಸಂಗತಿ ಮೇಲಿನ ಎರಡೂ ಸಿದ್ಧ ಉತ್ತರಗಳನ್ನು ಅಲುಗಾಡಿಸುತ್ತದೆ. ಈ ಆಸ್ಪತ್ರೆಯ ಮುಂದುವರಿಕೆಯಲ್ಲೇ ಸುನ್ ಯಾತ್ ಸೆನ್ 1886ರಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದರು.

ವೆಲ್ಲೂರು: ಸ್ಕಡರ್ ಮನೆತನ

• ಜಾನ್ ಸ್ಕಡರ್ (1793–1855): 1819ರಲ್ಲಿ ಸಿಲೋನಿಗೆ ಹೊರಟ ಮೊದಲ ಅಮೆರಿಕನ್ ವೈದ್ಯಕೀಯ ಮಿಷನರಿ, ಅನಂತರ ಮದ್ರಾಸ್. ಕಳಿಸಿದ್ದು ಪಾರ್ಕರ್ ಅವರನ್ನು ಕಳಿಸಿದ ಅದೇ ಅಮೆರಿಕನ್ ಬೋರ್ಡ್.

• ಐಡಾ ಸ್ಕಡರ್ (1870–1960): ಜಾನ್ ಅವರ ಮೊಮ್ಮಗಳು, ಹುಟ್ಟಿದ್ದು ರಾಣಿಪೇಟೆಯಲ್ಲಿ. ಮಿಷನರಿ ಆಗುವ ಮನಸ್ಸೇ ಇರಲಿಲ್ಲ. ಒಂದೇ ರಾತ್ರಿ ಮೂರು ಮನೆಯವರು ಹೆರಿಗೆಗೆ ಹೆಣ್ಣು ವೈದ್ಯೆ ಬೇಕೆಂದು ಬಂದರು. ಐಡಾ ಅವರ ತಂದೆ ವೈದ್ಯರಾದರೂ ಗಂಡಸೆಂದು ಅವರನ್ನು ಒಳಗೆ ಬಿಡಲು ಒಪ್ಪಲಿಲ್ಲ. ಮೂವರು ಹೆಂಗಸರೂ ತೀರಿಕೊಂಡರು. ಐಡಾ ಇದನ್ನು ದೇವರ ಕರೆ ಎಂದುಕೊಂಡರು. 1899ರಲ್ಲಿ ಕಾರ್ನೆಲ್‌ನಲ್ಲಿ ವೈದ್ಯ ಪದವಿ. 1902ರಲ್ಲಿ ಮೇರಿ ಟೇಬರ್ ಶೆಲ್ ಆಸ್ಪತ್ರೆ, 1918ರಲ್ಲಿ ಮಹಿಳೆಯರ ವೈದ್ಯಕೀಯ ಶಾಲೆ, 1947ರಲ್ಲಿ ಪುರುಷ ವಿದ್ಯಾರ್ಥಿಗಳಿಗೂ ಪ್ರವೇಶ. ಇದೇ ಇಂದಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್, ಅಂದರೆ ಸಿಎಂಸಿ. ಧ್ಯೇಯವಾಕ್ಯದ ಮೂಲ ಮತ್ತಾಯ 20:28, ಮಾರ್ಕ 10:45.

• ತಪ್ಪಾಗುವ ಜಾಗ: ಶೆಲ್ ಆಸ್ಪತ್ರೆ ಶುರುವಾದದ್ದು ಹೆಂಗಸರ ಆಸ್ಪತ್ರೆಯಾಗಿ. ಸಿಎಂಸಿಯ ಕಣ್ಣಿನ ವಿಭಾಗ ಅಲ್ಲಿ ನೆಲೆಗೊಂಡದ್ದು ಆಮೇಲೆ.

ಮಾರ್ಗರೆಟ್ ಬ್ರ್ಯಾಂಡ್ (1919–2014)

ಕೈ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಹೆಸರು ಎಲ್ಲರಿಗೂ ಗೊತ್ತು. ಕೊಲ್ಲಿಮಲೆಯ ಮಿಷನರಿ ದಂಪತಿಯ ಮಗ, ಕುಷ್ಠರೋಗಿಗಳ ಮುರುಟಿದ ಬೆರಳುಗಳನ್ನು ಮತ್ತೆ ಆಡುವಂತೆ ಮಾಡಿದವರು. ಅವರ ಪತ್ನಿ ಮಾರ್ಗರೆಟ್ ಕೆಲಸ ಅಷ್ಟೇ ದೊಡ್ಡದು, ಪ್ರಶ್ನೆಪತ್ರಿಕೆಗಳಲ್ಲಿ ಮಾತ್ರ ಕಾಣಿಸುವುದು ಕಡಿಮೆ. ಕಣ್ಣಿನ ತಜ್ಞೆಯಾಗಿ ಬಂದವರಲ್ಲ. ಶೆಲ್‌ನಲ್ಲಿ ಕೈ ಸಾಲದಾದಾಗ ನಿಂತು ಕಲಿತರು.

ಕುಷ್ಠರೋಗಿಗಳು ಕುರುಡರಾಗುವುದು ಹೇಗೆ ಎಂಬುದನ್ನು ಬಿಡಿಸಿ ತಿಳಿದುಕೊಳ್ಳಿ. ವಿಜ್ಞಾನದ ಪ್ರಶ್ನೆಯಾಗಿಯೂ ಬರಬಹುದು. ರೋಗಾಣು ಮುಖದ ನರಕ್ಕೆ ಹಾನಿ ಮಾಡಿದರೆ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಕಣ್ಣಿನ ಮುಂಭಾಗದ ಕಾರ್ನಿಯಾಕ್ಕೆ ಸ್ಪರ್ಶಜ್ಞಾನ ಕೊಡುವ ನರ ಕೆಟ್ಟರೆ ದೂಳು ಬಿದ್ದರೂ ತಿಳಿಯುವುದಿಲ್ಲ, ತಾನಾಗಿ ರೆಪ್ಪೆ ಮಿಟುಕಿಸಬೇಕೆಂಬ ಪ್ರಚೋದನೆಯೂ ಇಲ್ಲ. ಕಣ್ಣು ಒಣಗುತ್ತದೆ, ಹುಣ್ಣಾಗುತ್ತದೆ. ಕಣ್ಣೊಳಗಿನ ಉರಿಯೂತ ಬೇರೆ. ಬೆರಳುಗಳಲ್ಲೂ ಸ್ಪರ್ಶವಿಲ್ಲದವರಿಗೆ ದೃಷ್ಟಿ ಹೋದರೆ ಲೋಕವನ್ನು ತಡವಿ ತಿಳಿಯುವ ದಾರಿಯೂ ಮುಚ್ಚಿತು.

ಇದಕ್ಕೆ ಎರಡು ಉಪಾಯಗಳು. ಸರಳವಾದದ್ದು, ನೆನಪಿಟ್ಟುಕೊಂಡು ರೆಪ್ಪೆ ಮಿಟುಕಿಸುವ ಅಭ್ಯಾಸ. ಇನ್ನೊಂದು, ಅಗಿಯಲು ಬಳಸುವ ಕಪಾಲದ ಸ್ನಾಯುವಿನ ಪಟ್ಟಿಯೊಂದನ್ನು ರೆಪ್ಪೆಗೆ ಜೋಡಿಸುವ ಶಸ್ತ್ರಕ್ರಿಯೆ. ಹಲ್ಲು ಕಚ್ಚಿದರೆ ಕಣ್ಣು ಮುಚ್ಚುತ್ತದೆ. ಕುಷ್ಠದಿಂದಾಗುವ ಕುರುಡುತನವನ್ನು ತಡೆಯಬಹುದು ಎಂಬ ಮಾತನ್ನು ಮಾರ್ಗರೆಟ್ ಮೊದಲು ತಮಿಳುನಾಡಿನಲ್ಲಿ, 1966ರ ನಂತರ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಯಿಂದ ವೈದ್ಯಲೋಕಕ್ಕೆ ಮನದಟ್ಟು ಮಾಡಿಸಿದರು. ಸಮಾಜ ದೂರವಿಟ್ಟ ರೋಗಿಯ ಮುಖಕ್ಕೆ ಮುಖ ಕೊಟ್ಟು, ಗೇಣು ದೂರದಿಂದ ಕಣ್ಣು ಪರೀಕ್ಷಿಸುವುದೇ ಆ ಕಾಲದಲ್ಲಿ ಒಂದು ನಿಲುವು. ನಂಬಿಕೆ ಕೆಲಸದಲ್ಲಿ ಹೇಗೆ ಕಂಡಿತು ಎಂದು ಕೇಳಿದರೆ ನಾನು ಪ್ರವಚನಗಳನ್ನು ಬಿಟ್ಟು ಇದನ್ನೇ ಉದಾಹರಿಸುತ್ತೇನೆ.

ಸರ್ ಹೆನ್ರಿ ಹಾಲೆಂಡ್ (1875–1965)

• ಎಡಿನ್‌ಬರೋದಲ್ಲಿ ವೈದ್ಯಶಿಕ್ಷಣ. 1900ರಲ್ಲಿ ಚರ್ಚ್ ಮಿಷನರಿ ಸೊಸೈಟಿಯಿಂದ ಬಲೂಚಿಸ್ತಾನದ ಕ್ವೆಟ್ಟಾಕ್ಕೆ. ಆತ್ಮಕಥೆ ‘ಫ್ರಾಂಟಿಯರ್ ಡಾಕ್ಟರ್’, 1958.

• ಸಿಂಧ್ ಪ್ರಾಂತದ ಶಿಕಾರ್‌ಪುರದಲ್ಲಿ ಪ್ರತಿ ಚಳಿಗಾಲ ಕಣ್ಣಿನ ಶಿಬಿರ. ಅಲ್ಲಿ ಆಸ್ಪತ್ರೆ ಕಟ್ಟಿಸಿದವರು ಸೇಠ್ ಹೀರಾನಂದ್. ಷರತ್ತು, ಡಾಕ್ಟರು ವರ್ಷಕ್ಕೊಮ್ಮೆ ಬಂದು ಕೆಲವು ವಾರ ಇದ್ದು ಹೋಗಬೇಕು. ಹಿಂದೂ ದಾನಿ, ಕ್ರೈಸ್ತ ವೈದ್ಯ, ರೋಗಿಗಳಲ್ಲಿ ಬಹಳಷ್ಟು ಮುಸ್ಲಿಮರು. ಕ್ಯಾಂಟನ್‌ನ ಹೌಕ್ವಾ, ಬರೇಲಿಯಲ್ಲಿ ಮಿಷನರಿ ವೈದ್ಯೆ ಕ್ಲಾರಾ ಸ್ವೇನ್ ಅವರ ಆಸ್ಪತ್ರೆಗೆ ಜಾಗ ಕೊಟ್ಟ ರಾಂಪುರದ ನವಾಬರು ಇದೇ ಸಾಲಿನವರು. ಮಿಷನ್ ಆಸ್ಪತ್ರೆಗಳು ವಿದೇಶಿ ಚಂದಾದಿಂದಷ್ಟೇ ನಿಂತವು ಎಂಬ ಹೇಳಿಕೆಗೆ ಟಿಕ್ ಹಾಕಬೇಡಿ.

• ಚಳಿಗಾಲದ ಆ ವಾರಗಳಲ್ಲಿ ಆಪರೇಷನ್‌ಗಳ ಸಂಖ್ಯೆ ಎಷ್ಟಿರುತ್ತಿತ್ತೆಂದರೆ ಕೈ ಪಳಗಿಸಿಕೊಳ್ಳಲು ಯುರೋಪ್, ಅಮೆರಿಕದ ಶಸ್ತ್ರವೈದ್ಯರೂ ಶಿಕಾರ್‌ಪುರಕ್ಕೆ ಬರುತ್ತಿದ್ದರು. ಇದರ ಇನ್ನೊಂದು ಮುಖವನ್ನೂ ನೋಡಬೇಕು: ಬಡರೋಗಿಗಳ ಕಣ್ಣು ಹೊರನಾಡಿನ ವೈದ್ಯರಿಗೆ ಅಭ್ಯಾಸದ ಅವಕಾಶವೂ ಆಗಿತ್ತು.

• 1935ರ ಮೇ 31ರ ಕ್ವೆಟ್ಟಾ ಭೂಕಂಪ: 30 ಸಾವಿರಕ್ಕೂ ಹೆಚ್ಚು ಸಾವು, ಮಿಷನ್ ಆಸ್ಪತ್ರೆ ನೆಲಸಮ. ಅವಶೇಷದಡಿ ಸಿಲುಕಿದ್ದ ಹಾಲೆಂಡ್ ಅವರನ್ನು ಮಗನೇ ಹೊರತೆಗೆದ. ಆಸ್ಪತ್ರೆಯನ್ನು ಮತ್ತೆ ಕಟ್ಟಿದರು.

• 1936: ಸರ್ ಪದವಿ. 1960: ಮಗ ರೊನಾಲ್ಡ್ ಜತೆ ಸಾರ್ವಜನಿಕ ಸೇವೆಗಾಗಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ. ಪ್ರಶಸ್ತಿ ತಂದೆ–ಮಗ ಇಬ್ಬರಿಗೂ ಸೇರಿ ಬಂದದ್ದು ಎಂಬುದು ಬಹುಆಯ್ಕೆ ಪ್ರಶ್ನೆಗೆ ಹೇಳಿ ಮಾಡಿಸಿದ ಅಂಶ.

ಕಣ್ಣಿನ ಕ್ಯಾಂಪುಗಳು

ವಿಕ್ಟರ್ ರ್‍ಯಾಂಬೊ (1894–1987) ಭಾರತದಲ್ಲಿದ್ದ ಅಮೆರಿಕನ್ ಮಿಷನರಿ ದಂಪತಿಯ ಮಗ. ಈಗಿನ ಛತ್ತೀಸ್‌ಗಢದ ಮುಂಗೇಲಿ, ಆಮೇಲೆ ವೆಲ್ಲೂರು, ಕೊನೆಗೆ ಲುಧಿಯಾನ. ರೋಗಿ ಆಸ್ಪತ್ರೆಗೆ ಬರಲಾರ, ಆಸ್ಪತ್ರೆಯೇ ಹಳ್ಳಿಗೆ ಹೋಗಲಿ ಎಂದು ಶಾಲೆಗಳಲ್ಲಿ, ಡೇರೆಗಳಲ್ಲಿ ಕ್ಯಾಂಪು ನಡೆಸಿದರು. ಡೊರೊತಿ ಕ್ಲಾರ್ಕ್ ವಿಲ್ಸನ್ ಬರೆದ ಇವರ ಜೀವನಚರಿತ್ರೆ ‘ಅಪಾಸಲ್ ಆಫ್ ಸೈಟ್’. ಐಡಾ ಮತ್ತು ಪಾಲ್ ಬ್ರ್ಯಾಂಡ್ ಅವರ ಜೀವನಚರಿತ್ರೆಗಳೂ ಇದೇ ಲೇಖಕಿಯವು.

ಹಾಗೆಂದು ಕ್ಯಾಂಪು ಮಿಷನರಿಗಳ ಸ್ವತ್ತಲ್ಲ. ಬೀಳಗಿಯ ಡಾ. ಎಂ.ಸಿ. ಮೋದಿ (1916–2005) ಹಳ್ಳಿ ಹಳ್ಳಿಗೆ ಹೋಗಿ ಸಾಮೂಹಿಕ ಪೊರೆ ಶಸ್ತ್ರಕ್ರಿಯೆ ಮಾಡಿದರು. ಪದ್ಮಶ್ರೀ 1956, ಪದ್ಮಭೂಷಣ 1968. 1976ರಲ್ಲಿ ಮಧುರೆಯಲ್ಲಿ 11 ಹಾಸಿಗೆಗಳ ಅರವಿಂದ್ ಕಣ್ಣಾಸ್ಪತ್ರೆ ತೆರೆದ ಡಾ. ಜಿ. ವೆಂಕಟಸ್ವಾಮಿ ಶ್ರೀ ಅರವಿಂದರ ಅನುಯಾಯಿ. ‘ನಂಬಿಕೆಯೇ ಪ್ರೇರಣೆ’ ಎಂದು ಬರೆಯುವಾಗ ಈ ಹೆಸರುಗಳನ್ನು ಹೋಲಿಕೆಗೆ ತಂದರೆ ಉತ್ತರಕ್ಕೆ ತೂಕ.

ಮೀರಜ್ ಮತ್ತು ಕರ್ನಾಟಕ

• ಸರ್ ವಿಲಿಯಂ ವಾನ್‌ಲೆಸ್ (1865–1933): ಕೆನಡಾದಲ್ಲಿ ಹುಟ್ಟಿದ ಪ್ರೆಸ್ಬಿಟೇರಿಯನ್. ಭಾರತಕ್ಕೆ 1889, ಮೀರಜ್ ಆಸ್ಪತ್ರೆ 1894, ಸರ್ ಪದವಿ 1928. ಸಾಮಾನ್ಯ ಶಸ್ತ್ರವೈದ್ಯರಾದರೂ ಪೊರೆ ಆಪರೇಷನ್ನಿಗೆ ಹೆಸರಾಗಿದ್ದರು. ಬೆಳಗಾವಿ, ವಿಜಯಪುರ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮೀರಜ್ ಎನ್ನುವಷ್ಟು ರೂಢಿ. ರೈಲು ಹತ್ತಿದರೆ ಆಯಿತು.

• ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿಟ್ ಪಾದ್ರಿ ಫಾದರ್ ಮುಲ್ಲರ್ ಔಷಧಾಲಯ: 1880. ಶುರುವಾದದ್ದು ಹೋಮಿಯೋಪತಿಯಿಂದ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ: 1906, ಮೆಥೊಡಿಸ್ಟ್ ಮಿಷನ್. ಬೆಂಗಳೂರಿನ ಸೇಂಟ್ ಮಾರ್ಥಾ: 1886. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು: 1963. ಬ್ಯಾಪ್ಟಿಸ್ಟ್ ಆಸ್ಪತ್ರೆ: 1973. ಇವು ಕಣ್ಣಿಗೆಂದೇ ಹುಟ್ಟಿದವಲ್ಲ. ಪಟ್ಟಿಯಲ್ಲಿ ಬೆರೆಸಿ ಬರೆಯಬೇಡಿ.

ದೃಷ್ಟಿ ಬರದವರಿಗೆ

ಪೊರೆ ತೆಗೆದರೆ ಕಾಣುತ್ತದೆ. ಕಾರ್ನಿಯಾ ಪೂರ್ತಿ ಬೆಳ್ಳಗಾದ ಮಗುವಿಗೆ ಆಗ ಚಿಕಿತ್ಸೆ ಇರಲಿಲ್ಲ. ಅಲ್ಲಿ ಬೇಕಾದದ್ದು ಶಾಲೆ. ಆ್ಯನಿ ಶಾರ್ಪ್ ಅಮೃತಸರದಲ್ಲಿ 1887ರಲ್ಲಿ ತೆರೆದದ್ದು ಭಾರತದ ಮೊದಲ ಅಂಧರ ಶಾಲೆ. 1903ರಲ್ಲಿ ಅದು ಡೆಹ್ರಾಡೂನ್ ಬಳಿಯ ರಾಜ್‌ಪುರಕ್ಕೆ ಹೋಯಿತು. ಜರ್ಮನ್ ಪಾದ್ರಿ ಅರ್ನ್ಸ್ಟ್ ಕ್ರಿಸ್ಟೊಫೆಲ್ (1876–1955) 1908ರಲ್ಲಿ ಒಟ್ಟೊಮನ್ ಸಾಮ್ರಾಜ್ಯದ ಮಲಾತ್ಯದಲ್ಲಿ ಅಂಧ, ಅನಾಥ ಮಕ್ಕಳ ಮನೆ ತೆರೆದರು. ಮೊದಲ ಮಹಾಯುದ್ಧದ ನಂತರ ಅಲ್ಲಿಂದ ಹೊರಬಿದ್ದು ಇರಾನಿನಲ್ಲಿ ಮತ್ತೆ ಆರಂಭಿಸಿ, ಇಸ್ಫಹಾನ್‌ನಲ್ಲೇ ತೀರಿಕೊಂಡರು. ಅವರ ಕೆಲಸದಿಂದ ಬೆಳೆದ ಸಂಸ್ಥೆ ಸಿಬಿಎಂ. ಇಂಥ ಸಂಸ್ಥೆಗಳು ವಿಶ್ವ ಆರೋಗ್ಯ ಸಂಸ್ಥೆಯ ಜತೆಗೂಡಿ ತಡೆಯಬಹುದಾದ ಅಂಧತ್ವ ನೀಗಿಸುವ ‘ವಿಷನ್ 2020’ ಯೋಜನೆ ಶುರುಮಾಡಿದ್ದು 1999ರಲ್ಲಿ. ಭಾರತದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಅದಕ್ಕಿಂತ ಬಹಳ ಮೊದಲಿನದು: 1976.

ಅಫ್ಘಾನಿಸ್ತಾನ, 2010

ಇಂಟರ್‌ನ್ಯಾಷನಲ್ ಅಸಿಸ್ಟೆನ್ಸ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1966ರಿಂದ ಅಲ್ಲಿ ಕೆಲಸ ಮಾಡುತ್ತಿತ್ತು. ಕಣ್ಣಿನ ಚಿಕಿತ್ಸೆ ಅದರ ಮುಖ್ಯ ಕ್ಷೇತ್ರ. ನಿಯಮ ಸ್ಪಷ್ಟ: ಧರ್ಮಪ್ರಚಾರ ಇಲ್ಲ. 2010ರ ಆಗಸ್ಟ್‌ನಲ್ಲಿ ನೂರಿಸ್ತಾನದ ಬೆಟ್ಟದ ಹಳ್ಳಿಗಳಲ್ಲಿ ಕಣ್ಣಿನ ಕ್ಯಾಂಪು ಮುಗಿಸಿ ಮರಳುತ್ತಿದ್ದ ತಂಡದ 10 ಮಂದಿಯನ್ನು ಬದಖ್ಶಾನ್‌ನಲ್ಲಿ ಗುಂಡಿಕ್ಕಿ ಕೊಂದರು. ಸತ್ತವರಲ್ಲಿ ಅಫ್ಘನ್ನರೂ ಇದ್ದರು. ತಂಡದ ಮುಖ್ಯಸ್ಥ ಟಾಮ್ ಲಿಟಲ್ 30 ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದ ದೃಷ್ಟಿಪರೀಕ್ಷಕರು. ಆಪರೇಷನ್ ಮಾಡುವ ವೈದ್ಯರಲ್ಲ. ಧರ್ಮ ಸಾರುತ್ತಿದ್ದರು ಎಂದು ತಾಲಿಬಾನ್ ಆರೋಪಿಸಿತು, ಸಂಸ್ಥೆ ನಿರಾಕರಿಸಿತು. ಮರಣೋತ್ತರವಾಗಿ ಲಿಟಲ್ ಅವರಿಗೆ ಅಮೆರಿಕದ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಮ್ ಸಂದಿತು. 1847ರಲ್ಲಿ ಬೋಧಿಸಲಿಲ್ಲವೆಂದು ಒಬ್ಬ ವೈದ್ಯ ಕೆಲಸ ಕಳೆದುಕೊಂಡರೆ, ಇಲ್ಲಿ ಬೋಧಿಸಿದರೆಂಬ ಆರೋಪ ಹೊತ್ತು ಒಂದು ತಂಡವೇ ಪ್ರಾಣ ಕಳೆದುಕೊಂಡಿತು. ದೀರ್ಘ ಉತ್ತರದಲ್ಲಿ ಈ ಎರಡನ್ನೂ ಅಕ್ಕಪಕ್ಕ ಇಡಿ.

ಚರ್ಚೆಗೆ ಬೇಕಾದ ಅಂಶಗಳು

• ಗಾಂಧೀಜಿ: ಆಸ್ಪತ್ರೆ, ಶಾಲೆಗಳನ್ನು ಮತಾಂತರಕ್ಕೆ ಬಳಸುವುದನ್ನು 1931ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಬಹಿರಂಗವಾಗಿ ಆಕ್ಷೇಪಿಸಿದರು. ಸೇವೆಯ ಬಗ್ಗೆ ತಕರಾರಿರಲಿಲ್ಲ, ಅದರ ಬೆನ್ನಿಗಿದ್ದ ಉದ್ದೇಶದ ಬಗ್ಗೆ ಇತ್ತು.

• ಮರುವರ್ಷವೇ, 1932ರಲ್ಲಿ, ಮಿಷನ್ ವಲಯದೊಳಗಿನಿಂದ ಬಂದ ವರದಿ ‘ರೀ-ಥಿಂಕಿಂಗ್ ಮಿಷನ್ಸ್’. ಅಧ್ಯಕ್ಷತೆ ಹಾರ್ವರ್ಡ್‌ನ ತತ್ವಶಾಸ್ತ್ರಜ್ಞ ವಿಲಿಯಂ ಅರ್ನೆಸ್ಟ್ ಹಾಕಿಂಗ್. ಚಿಕಿತ್ಸೆಗೆ ತನ್ನದೇ ಬೆಲೆಯಿದೆ, ಬೋಧನೆಯ ಗಾಳಕ್ಕೆ ಅದನ್ನು ಎರೆ ಮಾಡಬಾರದು ಎಂಬ ನಿಲುವು. ಅಮೆರಿಕದ ಸಂಪ್ರದಾಯಸ್ಥ ಚರ್ಚುಗಳು ಇದನ್ನು ಕಟುವಾಗಿ ವಿರೋಧಿಸಿದವು. ಟೀಕೆ ಹೊರಗಿನಿಂದಷ್ಟೇ ಬಂತೆಂದು ಬರೆದರೆ ಉತ್ತರ ಅಪೂರ್ಣ.

• ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಸ್ವಾತಂತ್ರ್ಯ ಕೊಡುತ್ತದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಇವುಗಳಿಗೆ ಒಳಪಟ್ಟು. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಇದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ.

ಗೊಂದಲವಾಗುವ ಹೆಸರುಗಳು

ಹೆನ್ರಿ ಹಾಲೆಂಡ್ ಬೇರೆ, ‘ಜಲಂಧರ್ ಸ್ಮಿತ್’ ಎಂದೇ ಹೆಸರಾದ ಕರ್ನಲ್ ಹೆನ್ರಿ ಸ್ಮಿತ್ ಬೇರೆ. ಪೊರೆಯನ್ನು ಚೀಲಸಹಿತ ತೆಗೆಯುವ ವಿಧಾನ ಜನಪ್ರಿಯಗೊಳಿಸಿದ ಸ್ಮಿತ್, ಸರ್ಕಾರದ ಇಂಡಿಯನ್ ಮೆಡಿಕಲ್ ಸರ್ವೀಸಿನವರು, ಮಿಷನರಿಯಲ್ಲ.

ಕ್ಲಾರಾ ಸ್ವೇನ್ ಬರೇಲಿ, 1870. ಈಡಿತ್ ಬ್ರೌನ್ ಲುಧಿಯಾನ, 1894. ಐಡಾ ಸ್ಕಡರ್ ವೆಲ್ಲೂರು. ಮೂವರೂ ಹೆಂಗಸರ ಚಿಕಿತ್ಸೆಯಿಂದ ಶುರುಮಾಡಿದವರು.

ಫ್ರೆಡ್ ಹಾಲೋಸ್ (1929–1993) ಹೆಸರನ್ನು ಹಲವರು ಮಿಷನರಿಗಳ ಪಟ್ಟಿಗೆ ಸೇರಿಸುತ್ತಾರೆ. ನ್ಯೂಜಿಲೆಂಡಿನ ಧಾರ್ಮಿಕ ಕುಟುಂಬದಲ್ಲಿ ಹುಟ್ಟಿ, ಪಾದ್ರಿಯಾಗಲೆಂದು ಬೈಬಲ್ ಕಾಲೇಜು ಸೇರಿದ್ದು ನಿಜ. ಅದನ್ನು ಬಿಟ್ಟು ವೈದ್ಯರಾದರು, ಕಮ್ಯುನಿಸ್ಟ್ ಪಕ್ಷ ಸೇರಿದರು, ಧರ್ಮದಿಂದ ದೂರವಾದರು. ಆಸ್ಟ್ರೇಲಿಯಾದ ಮೂಲನಿವಾಸಿಗಳ ನಡುವೆ ಟ್ರಕೋಮಾ ವಿರುದ್ಧ ದುಡಿದರು. 1990ರ ‘ವರ್ಷದ ಆಸ್ಟ್ರೇಲಿಯನ್’. ಇವರನ್ನು ಬರೆಯಬೇಕಾದದ್ದು ಮೋದಿ, ವೆಂಕಟಸ್ವಾಮಿ ಅವರ ಸಾಲಿನಲ್ಲಿ.